ಕಿವುಡ ಮಗುವೂ ಮನೆಯ ಮಾತೂ

ಭಾಷಾವಿಜ್ಞಾನದ ಪತ್ರಿಕೆಗೆ ಸಿದ್ಧರಾಗುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ವ್ಯಾಖ್ಯೆಯೊಂದಿದೆ: ಒಂದು ಸಮಾಜದ ಜನರು ಪರಸ್ಪರ ವ್ಯವಹರಿಸಲು ಬಳಸುವ ಯಾದೃಚ್ಛಿಕ ಧ್ವನಿಸಂಕೇತಗಳ ವ್ಯವಸ್ಥೆಯೇ ಭಾಷೆ. ಅಮೆರಿಕದ ಬ್ಲಾಕ್ ಮತ್ತು ಟ್ರೇಗರ್ ಎಂಬ ಭಾಷಾವಿಜ್ಞಾನಿಗಳು 1942ರಲ್ಲಿ ಕೊಟ್ಟ ವಿವರಣೆ ಇದರ ಮೂಲದಲ್ಲಿದೆ. ನಮ್ಮ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ನಾಭಿಮೂಲದಿಂದ ಹೊರಟ ವಾಯುವಿನಿಂದ ಶಬ್ದ ಹುಟ್ಟುವ ಬಗೆಯನ್ನು ಮೊದಲು ಹೇಳಿ ಅನಂತರ ವರ್ಣಗಳ ವಿಚಾರಕ್ಕೆ ಬರುತ್ತಾನೆ. ಎರಡು ಕಡೆಯಲ್ಲೂ ಧ್ವನಿಯೇ ಭಾಷೆಯ ದ್ರವ್ಯ. ಹಾಗಾದರೆ ಆ ದ್ರವ್ಯವೇ ತಲುಪದ ಮಗುವಿನ ಗತಿಯೇನು? ಅದಕ್ಕೆ ಭಾಷೆಯಿಲ್ಲವೆ? ಭಾಷೆಯಿಲ್ಲದಿದ್ದರೆ ಮನಸ್ಸು ಹೇಗೆ ಬೆಳೆಯುತ್ತದೆ?

ಬಹುಕಾಲ ಈ ಪ್ರಶ್ನೆಗೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ನಮ್ಮಲ್ಲಿ 'ಕಿವುಡ' ಎಂಬುದರ ಜೊತೆಗೆ 'ಮೂಕ' ಎಂಬುದನ್ನು ಅಂಟಿಸಿ ಒಂದೇ ಸಮಾಸಪದವಾಗಿ ಬಳಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಕಿವುಡ ಮಕ್ಕಳಲ್ಲಿ ಬಹುಪಾಲಿನವರ ಗಂಟಲು, ನಾಲಗೆ, ತುಟಿಗಳಿಗೆ ಯಾವ ಊನವೂ ಇರುವುದಿಲ್ಲ. ಕೇಳದ ಮಾತನ್ನು ಅನುಕರಿಸಲಾರದೆ ಅವರು ಸುಮ್ಮನಿರುತ್ತಾರೆ, ಅಷ್ಟೆ. ಆ ಸಮಾಸದಲ್ಲಿರುವ ಎರಡನೆಯ ಪದ ವೈದ್ಯಕೀಯ ಸತ್ಯವಲ್ಲ, ನೋಡುವವರ ತೀರ್ಮಾನ.

ಈ ತೀರ್ಮಾನವನ್ನು ಮೊದಲು ಅಲುಗಾಡಿಸಿದವನು ಮನೋವಿಜ್ಞಾನಿಯಲ್ಲ, ಇಂಗ್ಲಿಷ್ ಮೇಷ್ಟ್ರು. ವಾಷಿಂಗ್ಟನ್ನಿನಲ್ಲಿ ಕಿವುಡರ ಉನ್ನತ ಶಿಕ್ಷಣಕ್ಕಾಗಿ ಇರುವ ಗ್ಯಾಲಡೆಟ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಸ್ಟೋಕೊ ತನ್ನ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಬಳಸುತ್ತಿದ್ದ ಸಂಜ್ಞೆಗಳನ್ನು ಭಾಷಾವಿಜ್ಞಾನದ ಕಣ್ಣಿನಿಂದ ನೋಡಿ 1960ರಲ್ಲಿ ಅದರ ರಚನೆಯನ್ನು ಪ್ರಕಟಿಸಿದನು. ಕೈಯ ಆಕಾರ, ಅದು ನಿಲ್ಲುವ ಸ್ಥಾನ, ಅದರ ಚಲನೆ ಇವು ಮೂರೂ ಸೇರಿ ಒಂದು ಸಂಜ್ಞೆಯಾಗುತ್ತದೆ. ಇವುಗಳಲ್ಲಿ ಒಂದನ್ನು ಬದಲಿಸಿದರೆ ಅರ್ಥವೇ ಬದಲಾಗುತ್ತದೆ. 'ಕಲ್ಲು', 'ಹಲ್ಲು' ಎಂಬ ಜೋಡಿಯನ್ನಿಟ್ಟುಕೊಂಡು ನಾವು ಧ್ವನಿಮಾವನ್ನು ಗುರುತಿಸುವ ವಿಧಾನವೇ ಅಲ್ಲಿಯೂ ನಡೆಯುತ್ತದೆ. ಆಮೇಲಿನ ಸಂಶೋಧನೆ ಅವುಗಳ ವಾಕ್ಯರಚನೆಯನ್ನೂ ಪದರಚನೆಯನ್ನೂ ಬಿಡಿಸಿ ತೋರಿಸಿತು. ಕಿವುಡ ತಂದೆತಾಯಿಗಳ ಮನೆಯಲ್ಲಿ ಹುಟ್ಟಿದ ಕಿವುಡ ಶಿಶುಗಳು ಕೈಯಲ್ಲೇ ತೊದಲುತ್ತವೆ ಎಂಬುದನ್ನು ಲಾರಾ ಆನ್ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ತೋರಿಸಿದರು. ಹೀಗೆ ಸಂಜ್ಞಾಭಾಷೆ ಪೂರ್ಣ ಭಾಷೆಯೆಂಬ ಬಗ್ಗೆ ವಿದ್ವಾಂಸರಲ್ಲಿ ಈಗ ವಿವಾದವಿಲ್ಲ. ನಾವು ಕಂಠಪಾಠ ಮಾಡುವ ವ್ಯಾಖ್ಯೆಯಲ್ಲಿರುವ 'ಧ್ವನಿ' ಎಂಬ ವಿಶೇಷಣವನ್ನು ಬಿಡಬೇಕಾದೀತು, ಅಷ್ಟೆ.

ಆದರೆ ಭಾಷೆಯೊಂದು ಲೋಕದಲ್ಲಿ ಇರುವುದು ಬೇರೆ, ಅದು ಒಂದು ಮಗುವಿಗೆ ದೊರಕುವುದು ಬೇರೆ. ಮನೋವಿಜ್ಞಾನದ ಪ್ರಶ್ನೆ ಶುರುವಾಗುವುದು ಇಲ್ಲಿ. ಕೇಳುವ ಮಗುವಿಗೆ ಭಾಷೆ ಮನೆಯಿಂದ ಬರುತ್ತದೆ. ಯಾರೂ ಕಲಿಸದೆ, ತೊಟ್ಟಿಲ ಸುತ್ತಲಿನ ಗದ್ದಲದಿಂದಲೇ ಬರುತ್ತದೆ. ಕಿವುಡ ಮಕ್ಕಳಾದರೋ ಬಹುತೇಕ ಕೇಳುವವರ ಮನೆಯಲ್ಲಿಯೇ ಹುಟ್ಟುತ್ತಾರೆ. ಅಮೆರಿಕದ ಸಮೀಕ್ಷೆಯೊಂದರ ಅಂಕಿಅಂಶಗಳನ್ನು ಪರಿಶೀಲಿಸಿ ಮಿಚೆಲ್ ಮತ್ತು ಕಾರ್ಚ್ಮರ್ 2004ರಲ್ಲಿ ಕಂಡುಕೊಂಡಂತೆ, ವಿಶೇಷ ಶಿಕ್ಷಣ ಪಡೆಯುತ್ತಿದ್ದ ಕಿವುಡ ಮಕ್ಕಳಲ್ಲಿ ತಂದೆ ಅಥವಾ ತಾಯಿ ಕಿವುಡರೆಂದು ತಿಳಿದಿದ್ದವರು ನೂರಕ್ಕೆ 5ಕ್ಕಿಂತ ಕಡಿಮೆ. ಉಳಿದವರ ತಂದೆತಾಯಿಗಳಲ್ಲಿ ಬಹುಪಾಲು ಜನ ಅದುವರೆಗೆ ಕಿವುಡ ವ್ಯಕ್ತಿಯೊಬ್ಬನೊಡನೆ ಮಾತನಾಡಿದವರೇ ಅಲ್ಲ. ತಾಯಿಯ ಮಾತು ಮಗುವಿಗೆ ತಲುಪದು, ಮಗುವಿಗೆ ಸುಲಭವಾಗಬಹುದಾದ ಭಾಷೆ ತಾಯಿಗೆ ಬಾರದು.

ಈ ದುಃಸ್ಥಿತಿಯೇ ಸಂಶೋಧಕರಿಗೆ ಒಂದು ಹೋಲಿಕೆಯ ಅವಕಾಶವನ್ನೂ ಒದಗಿಸಿತು. ಕಿವುಡು ಸಮಾನ, ಮನೆಯ ಭಾಷಾಪರಿಸರ ಬೇರೆ. ಅಂಥ ಎರಡು ಗುಂಪಿನ ಮಕ್ಕಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ತೊಂದರೆಯ ಮೂಲ ಕಿವಿಯಲ್ಲಿದೆಯೋ ಮನೆಯಲ್ಲಿದೆಯೋ ತಿಳಿಯಬಹುದು. ಕ್ಯಾಥರಿನ್ ಮೆಡೊ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿವುಡ ತಂದೆತಾಯಿಗಳ ಕಿವುಡ ಮಕ್ಕಳು ಓದಿನಲ್ಲಿಯೂ ಇತರ ಪಾಠಗಳಲ್ಲಿಯೂ ಮುಂದಿದ್ದರು. ಅಂದಿನ ತಜ್ಞರ ನಿರೀಕ್ಷೆ ಇದಕ್ಕೆ ತೀರ ವಿರುದ್ಧವಾಗಿತ್ತು. ಕೈಸನ್ನೆಗೆ ಅವಕಾಶ ಕೊಟ್ಟರೆ ಮಗು ಸೋಮಾರಿಯಾಗುತ್ತದೆ, ಬಾಯಿಮಾತಿಗೆ ತೊಡಗುವುದಿಲ್ಲ ಎಂಬುದೇ ಆಗಿನ ಶಾಲೆಗಳ ಧರ್ಮಸೂತ್ರ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಬಾಯಿಮಾತಿನ ಕಲಿಕೆಯೇ ಶ್ರೇಷ್ಠವೆಂದು ಠರಾವು ಮಾಡಿದಂದಿನಿಂದ ಅದು ಹಾಗೇ ನಡೆದುಬಂದಿತ್ತು. ಆ ಸಭೆಯಲ್ಲಿ ಮತ ಹಾಕಿದವರೆಲ್ಲ ಹೆಚ್ಚುಕಡಿಮೆ ಕೇಳುವವರೇ ಆಗಿದ್ದರೆಂಬುದು ಗಮನಿಸತಕ್ಕ ಸಂಗತಿ.

ಮೆಡೊ ಮತ್ತು ಮನೋವೈದ್ಯೆ ಹಿಲ್ಡೆ ಶ್ಲೆಸಿಂಗರ್ ಸೇರಿ 1972ರಲ್ಲಿ ಹೊರತಂದ ಗ್ರಂಥ ತಾಯಿಮಕ್ಕಳ ಒಡನಾಟವನ್ನೇ ನೋಡಿತು. ಕೇಳುವ ತಾಯಂದಿರು ತಮ್ಮ ಕಿವುಡ ಮಕ್ಕಳೊಡನೆ ಆಡುವಾಗ ಹೆಚ್ಚು ಆಜ್ಞೆ ಮಾಡುತ್ತಿದ್ದರು, ಮಗುವಿನ ಆಟದ ನಡುವೆ ಕೈಹಾಕಿ ತಿದ್ದುತ್ತಿದ್ದರು, ಪ್ರತಿಯೊಂದನ್ನೂ ಪಾಠವಾಗಿಸುತ್ತಿದ್ದರು. ಇದನ್ನು ಮಮತೆಯ ಕೊರತೆಯೆಂದು ಓದಬಾರದು. ಮಾತು ತಲುಪದ ಕಡೆ ಉಳಿಯುವುದು 'ಬಾ', 'ಬೇಡ', 'ತಿನ್ನು', 'ಕೂತುಕೋ' ಎಂಬಷ್ಟೇ. ಇವನ್ನು ಕೈಯಿಂದ ತೋರಿಸಬಹುದು. 'ಅಜ್ಜ ನಾಳೆ ಬರುತ್ತಾರಂತೆ', 'ಅಕ್ಕನಿಗೆ ಯಾಕೆ ಸಿಟ್ಟು ಬಂತು ಗೊತ್ತೇ?' ಎಂಬುದನ್ನು ಹೇಗೆ ತೋರಿಸುವುದು? ನಿಷೇಧ ಸುಲಭ, ಕಾರಣ ಕಷ್ಟ. ಕಾರಣ ತಿಳಿಯದ ನಿಷೇಧಗಳ ನಡುವೆ ಬೆಳೆದ ಮಗು ಹಠಮಾರಿಯಾದರೆ ಅದನ್ನು ಕಿವುಡಿನ ಸ್ವಭಾವವೆಂದು ಬಗೆಯುವುದೂ ನಡೆದುಬಂತು. 'ಕಿವುಡರ ಮನಸ್ಸು' ಎಂಬ ಹೆಸರಿನಲ್ಲಿ ಹಳೆಯ ಮನೋವಿಜ್ಞಾನ ಬರೆದಿಟ್ಟ ಎಷ್ಟೋ ಲಕ್ಷಣಗಳು ವಾಸ್ತವದಲ್ಲಿ ಸಂಭಾಷಣೆಯಿಲ್ಲದ ಬಾಲ್ಯದ ಲಕ್ಷಣಗಳು.

ಇಂಥ ಮನೆಗಳಲ್ಲಿ ಮಗು ಏನೂ ಮಾಡದೆ ಕುಳಿತಿರುವುದಿಲ್ಲ. ಭಾಷೆ ಸಿಗದಿದ್ದರೆ ಅದು ತಾನೇ ಒಂದನ್ನು ಕಟ್ಟಲು ತೊಡಗುತ್ತದೆ. ಸೂಸನ್ ಗೋಲ್ಡಿನ್-ಮೆಡೊ ಮತ್ತು ಹೈಡಿ ಫೆಲ್ಡ್‌ಮನ್ 1977ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಗ್ಗೆ. ಆ ಮಕ್ಕಳ ತಂದೆತಾಯಿಗಳು ಕೇಳುವವರು, ಬಾಯಿಮಾತಿನ ಕ್ರಮವನ್ನೇ ಆಯ್ದುಕೊಂಡವರು. ಮಕ್ಕಳಿಗೆ ಬಾಯಿಮಾತು ಹತ್ತಿರಲಿಲ್ಲ, ಸಂಜ್ಞಾಭಾಷೆಯನ್ನು ಅವರು ಕಂಡೇ ಇರಲಿಲ್ಲ. ಆದರೂ ಅವರ ಕೈಸನ್ನೆಗಳು ಬಿಡಿಬಿಡಿಯಾಗಿರದೆ ವಾಕ್ಯದಂತೆ ಜೋಡಣೆಗೊಂಡಿದ್ದವು, ಆ ಜೋಡಣೆಯಲ್ಲಿ ಕ್ರಮವಿತ್ತು. ಇದನ್ನು ಮನೆಸನ್ನೆ ಎನ್ನೋಣ. ತಾಯಂದಿರೂ ಮಾತಿನ ಜೊತೆ ಕೈಯಾಡಿಸುತ್ತಿದ್ದರು ನಿಜ. ಅವರ ಸನ್ನೆಗಳಲ್ಲಿ ಮಾತ್ರ ಆ ಕ್ರಮ ಕಾಣಲಿಲ್ಲ. ಮಗು ತಾಯಿಯಿಂದ ಕಲಿತದ್ದಲ್ಲ, ತಾನೇ ಮಾಡಿಕೊಂಡದ್ದು ಎಂಬ ವಾದಕ್ಕೆ ಇದೇ ಆಧಾರ. 1998ರಲ್ಲಿ ತೈವಾನಿನ ಮಕ್ಕಳನ್ನೂ ಅಮೆರಿಕದ ಮಕ್ಕಳನ್ನೂ ಹೋಲಿಸಿದಾಗ, ತಮ್ಮ ತಾಯಂದಿರಿಗಿಂತ ಸಮುದ್ರದಾಚೆಯ ಆ ಅಪರಿಚಿತ ಮಕ್ಕಳನ್ನೇ ಇವರ ಸನ್ನೆಗಳು ಹೆಚ್ಚು ಹೋಲುತ್ತಿದ್ದವು.

ಆ ಕ್ರಮ ಯಾವುದು? ಕ್ರಿಯೆಗೆ ಒಳಗಾಗುವ ವಸ್ತು ಮೊದಲು, ಕ್ರಿಯೆ ಆಮೇಲೆ. ಇಂಗ್ಲಿಷ್ ಮಾತನಾಡುವ ಮನೆಯ ಮಗು 'ಹಣ್ಣು–ತಿನ್ನು' ಎಂಬ ಅನುಕ್ರಮದಲ್ಲಿ ಸನ್ನೆ ಮಾಡುತ್ತದೆ. ಅದರ ತಾಯಿಯ ಭಾಷೆಯಲ್ಲಿ 'ತಿನ್ನು' ಎಂಬುದು ಮೊದಲು ಬರುತ್ತದೆ, 'ಹಣ್ಣು' ಆಮೇಲೆ. ನಮಗೆ ಇದು ಕನ್ನಡದ ವಾಕ್ಯದಂತೆಯೇ ಕಾಣುವುದು ಸಹಜ. ಹಾಗೆಂದು ಎಲ್ಲ ಕಿವುಡ ಮಕ್ಕಳೂ ಹುಟ್ಟಾ ದ್ರಾವಿಡರೆಂದು ಬೀಗುವುದು ಬೇಡ. ಕರ್ತೃಪದವನ್ನು ನಡೆಸಿಕೊಳ್ಳುವುದರಲ್ಲಿ ಅವರ ಪದ್ಧತಿ ನಮ್ಮದಲ್ಲ.

ಮನೆಸನ್ನೆಯ ಸಾಮರ್ಥ್ಯ ಇಷ್ಟಾದರೂ ಅದು ಒಬ್ಬ ವ್ಯಕ್ತಿಯ ಭಾಷೆ. ಮಗು ಅದರಲ್ಲಿ ಹೇಳಬಲ್ಲದು. ಅದೇ ಭಾಷೆಯಲ್ಲಿ ಮರಳಿ ಹೇಳುವವರು ಮನೆಯಲ್ಲಿಲ್ಲ. ಈ ಏಕಮುಖತೆಯ ಬೆಲೆ ಎಷ್ಟೆಂಬುದನ್ನು ತೋರಿಸಿಕೊಟ್ಟದ್ದು ಇನ್ನೊಂದು ದಿಕ್ಕಿನಿಂದ ಬಂದ ಸಂಶೋಧನೆ.

1983ರಲ್ಲಿ ವಿಮರ್ ಮತ್ತು ಪರ್ನರ್ ಎಂಬ ಮನೋವಿಜ್ಞಾನಿಗಳು ಮಕ್ಕಳಿಗಾಗಿ ಒಂದು ಪುಟ್ಟ ಪರೀಕ್ಷೆಯನ್ನು ರೂಪಿಸಿದರು. ಅದರ ಪ್ರಸಿದ್ಧ ರೂಪ ಹೀಗಿದೆ. ಸ್ಯಾಲಿ ಎಂಬ ಗೊಂಬೆ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಆನ್ ಎಂಬ ಗೊಂಬೆ ಅದನ್ನು ತೆಗೆದು ಪೆಟ್ಟಿಗೆಯಲ್ಲಿಡುತ್ತದೆ. ಸ್ಯಾಲಿ ಮರಳಿ ಬಂದಾಗ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಮೂರು ವರ್ಷದ ಮಗು ಸಾಮಾನ್ಯವಾಗಿ ಪೆಟ್ಟಿಗೆಯತ್ತ ಬೆರಳು ತೋರಿಸುತ್ತದೆ, ಗೋಲಿ ಇರುವುದು ಅಲ್ಲಿಯೇ ತಾನೆ! ನಾಲ್ಕೈದು ವರ್ಷದ ಮಗು ಬುಟ್ಟಿಯನ್ನು ತೋರಿಸುತ್ತದೆ. ತನಗೆ ತಿಳಿದದ್ದು ಬೇರೆ, ಸ್ಯಾಲಿಯ ತಲೆಯಲ್ಲಿರುವುದು ಬೇರೆ ಎಂಬುದು ಅದಕ್ಕೆ ಆಗಲೇ ಹೊಳೆದಿದೆ. ಇನ್ನೊಬ್ಬರ ಮನಸ್ಸನ್ನು ಊಹಿಸುವ ಈ ಶಕ್ತಿಯಿಲ್ಲದೆ ಹಾಸ್ಯವಿಲ್ಲ, ಸುಳ್ಳಿಲ್ಲ, ಕ್ಷಮೆಯಿಲ್ಲ. ಯಕ್ಷಗಾನದ ಮಾಯಾವೇಷವೂ ಅರ್ಥವಾಗದು.

ಆಸ್ಟ್ರೇಲಿಯಾದಲ್ಲಿ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕೆಲ್ ಸೀಗಲ್ 1995ರಲ್ಲಿ ಈ ಪರೀಕ್ಷೆಯನ್ನು ಎಂಟರಿಂದ ಹದಿಮೂರು ವರ್ಷದ ಕಿವುಡ ಮಕ್ಕಳಿಗೆ ಕೊಟ್ಟರು. ಬಹುಪಾಲು ಮಕ್ಕಳು ಉತ್ತೀರ್ಣರಾಗಲಿಲ್ಲ. ಇವರು ಬುದ್ಧಿಯಲ್ಲಿ ಹಿಂದುಳಿದವರಲ್ಲ. ಕೇಳುವವರ ಮನೆಯಲ್ಲಿ ಬೆಳೆದು ಸಂಜ್ಞಾಭಾಷೆಯನ್ನು ತಡವಾಗಿ, ಶಾಲೆಯಲ್ಲಿ ಕಲಿತವರು. ಸಂಜ್ಞಾಭಾಷೆ ಬಲ್ಲವರ ಮನೆಯಲ್ಲೇ ಬೆಳೆದ ಕಿವುಡ ಮಕ್ಕಳನ್ನು ಮುಂದೆ ಪರೀಕ್ಷಿಸಿದಾಗ ಅವರು ಕೇಳುವ ಮಕ್ಕಳ ಸಮಕ್ಕೆ ನಿಂತರು. ಅಮೆರಿಕದಲ್ಲಿ ಬ್ರೆಂಡಾ ಶಿಕ್, ಡಿ ವಿಲಿಯರ್ಸ್ ದಂಪತಿಗಳು ಹಾಗೂ ರಾಬರ್ಟ್ ಹಾಫ್‌ಮೈಸ್ಟರ್ 2007ರಲ್ಲಿ 176 ಕಿವುಡ ಮಕ್ಕಳ ಮೇಲೆ ನಡೆಸಿದ ದೊಡ್ಡ ಅಧ್ಯಯನವೂ ಇದನ್ನೇ ಹೇಳಿತು. ಕೇಳುವ ತಂದೆತಾಯಿಗಳ ಕಿವುಡ ಮಕ್ಕಳು, ಬಾಯಿಮಾತಿನ ಶಾಲೆಯವರಾಗಲಿ ಸಂಜ್ಞಾಭಾಷೆಯ ಶಾಲೆಯವರಾಗಲಿ, ಹಿಂದಿದ್ದರು. ಮಾತಿನ ಅಗತ್ಯ ತೀರ ಕಡಿಮೆಯಿರುವ ಚಿತ್ರಪರೀಕ್ಷೆಗಳಲ್ಲಿಯೂ ಅವರು ಹಿಂದಿದ್ದುದರಿಂದ, ಪ್ರಶ್ನೆ ಅರ್ಥವಾಗದೆ ತಪ್ಪಿದರು ಎನ್ನುವಂತಿಲ್ಲ.

ಈ ಅಧ್ಯಯನದಲ್ಲಿ ಎರಡು ಸಂಗತಿಗಳು ಮಗುವಿನ ಯಶಸ್ಸನ್ನು ಮುನ್ಸೂಚಿಸಿದವು: ಒಂದು ಶಬ್ದಸಂಪತ್ತು, ಇನ್ನೊಂದು ವಾಕ್ಯದೊಳಗೆ ವಾಕ್ಯವನ್ನು ಅಡಗಿಸುವ ರಚನೆಯ ಗ್ರಹಿಕೆ. ಎರಡನೆಯದು ಕನ್ನಡದ ವಿದ್ಯಾರ್ಥಿಗಳಾದ ನಮಗೆ ಸ್ವಾರಸ್ಯವಾದದ್ದು. 'ಗೋಲಿ ಬುಟ್ಟಿಯಲ್ಲಿದೆ' ಎಂಬ ವಾಕ್ಯ ಸುಳ್ಳು. 'ಗೋಲಿ ಬುಟ್ಟಿಯಲ್ಲಿದೆ ಎಂದು ಸ್ಯಾಲಿ ತಿಳಿದಿದ್ದಾಳೆ' ಎಂಬ ವಾಕ್ಯ ನಿಜ. ಸುಳ್ಳೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಇಡೀ ವಾಕ್ಯ ಸತ್ಯವಾಗಿ ನಿಲ್ಲಲು ಕಾರಣ ಆ 'ಎಂದು' ಎಂಬ ಸಣ್ಣ ಪದ. ವ್ಯಾಕರಣದ ದೃಷ್ಟಿಯಿಂದ ಅದು 'ಎನ್' ಧಾತುವಿನ ಭೂತಕೃದ್ವಾಚಿ. 'ಹೇಳಿ' ಎಂಬುದೇ ಅದರ ಮೂಲಾರ್ಥ. ಇನ್ನೊಬ್ಬರ ಮನದ ನಂಬಿಕೆಯನ್ನು ಕನ್ನಡ ಹೇಳಿಕೆಯ ರೂಪದಲ್ಲಿಯೇ ಹಿಡಿದಿಡುತ್ತದೆ. ಆಡುಮಾತಿನ 'ಅಂತ', 'ಅಂತೆ'ಗಳೂ ಇದೇ ಬಳಗ. ದಿನಕ್ಕೆ ನೂರು ಸಲ 'ಅಂತ' ಕೇಳಿಸಿಕೊಂಡು ಬೆಳೆಯುವ ಮಗುವಿಗೆ ಪರರ ಮನಸ್ಸಿನ ಬಾಗಿಲು ತಾನಾಗಿ ತೆರೆಯುತ್ತದೆ. ಒಂದು ಸಲವೂ ಅದನ್ನು ಕೇಳದ, ಕೈಯಲ್ಲಿ ಕಾಣದ ಮಗು ಆ ಬಾಗಿಲನ್ನು ಎಲ್ಲಿಂದ ಹುಡುಕಬೇಕು?

ರಚನೆಯೇ ಮುಖ್ಯವೋ ಸಂಭಾಷಣೆಯೇ ಮುಖ್ಯವೋ ಎಂಬ ಚರ್ಚೆ ತಜ್ಞರಲ್ಲಿ ಮುಂದುವರಿದಿದೆ. ನಿಕರಾಗುವಾದಿಂದ ಬಂದ ಒಂದು ಸಾಕ್ಷ್ಯವನ್ನಿಲ್ಲಿ ಹೇಳಬೇಕು. ಆ ದೇಶದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡ ಮಕ್ಕಳು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಶಾಲೆಯಲ್ಲಿ ಒಟ್ಟುಸೇರಿದರು. ಅವರವರ ಮನೆಸನ್ನೆಗಳು ಬೆರೆತು, ಕಿರಿಯರ ಕೈಯಲ್ಲಿ ಬೆಳೆದು, ಹೊಸದೊಂದು ಸಂಜ್ಞಾಭಾಷೆಯೇ ಹುಟ್ಟಿತು. ಆ ಮೊದಲ ತಂಡದವರು ವಯಸ್ಕರಾದ ಮೇಲೆ ಜೆನಿ ಪೈಯರ್ಸ್ ಮತ್ತು ಆನ್ ಸೆಂಗಾಸ್ ಅವರನ್ನು ಪರೀಕ್ಷಿಸಿದರು. ವರದಿ ಪ್ರಕಟವಾದದ್ದು 2009ರಲ್ಲಿ. ಉದ್ಯೋಗ ಮಾಡಿಕೊಂಡು ಬದುಕುವ ಪ್ರಾಯದ ಈ ಜನರಲ್ಲಿ 'ತಿಳಿ', 'ಯೋಚಿಸು' ಮುಂತಾದ ಮನೋವ್ಯಾಪಾರದ ಸಂಜ್ಞೆಗಳು ವಿರಳವಾಗಿದ್ದವು, ತಪ್ಪುನಂಬಿಕೆಯ ಪರೀಕ್ಷೆಯಲ್ಲಿ ಅವರು ಸೋಲುತ್ತಿದ್ದರು. ಅದೇ ಭಾಷೆಯನ್ನು ಆಮೇಲೆ, ಹೆಚ್ಚು ತುಂಬಿದ ರೂಪದಲ್ಲಿ ಕಲಿತ ಕಿರಿಯರು ಗೆಲ್ಲುತ್ತಿದ್ದರು. ಎರಡು ವರ್ಷಗಳ ಬಳಿಕ ನೋಡಿದಾಗ ಹಿರಿಯರೂ ಅಂಥ ಸಂಜ್ಞೆಗಳನ್ನು ಕಲಿತಿದ್ದರು, ಪರೀಕ್ಷೆಯಲ್ಲಿಯೂ ಸುಧಾರಿಸಿದ್ದರು. ವಯಸ್ಸು ಮತ್ತು ಲೋಕಾನುಭವ ಮಾಡಲಾರದ್ದನ್ನು ಪದಗಳು ಮಾಡಿದವು. ತಡವಾದರೂ ಬಾಗಿಲು ಮುಚ್ಚಿಹೋಗಿರಲಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಮತ್ತೆ ಮನೆಗೆ ಬರೋಣ. ಕೇಳುವ ತಾಯಿ ಸಂಜ್ಞಾಭಾಷೆಯನ್ನು ಕಲಿತರೆ ಏನಾಗುತ್ತದೆ? ಮೇರಿ ಪ್ಯಾಟ್ ಮೊಲರ್ ಮತ್ತು ಶಿಕ್ 2006ರಲ್ಲಿ ಇಂಥ ತಾಯಂದಿರನ್ನೇ ಗಮನಿಸಿದರು. ಸಂಜ್ಞೆಯಲ್ಲಿ ಹೆಚ್ಚು ಪಳಗಿದ ತಾಯಂದಿರು ಮಕ್ಕಳೊಡನೆ ಮನಸ್ಸಿನ ಸಂಗತಿಗಳನ್ನು ಹೆಚ್ಚು ಮಾತನಾಡುತ್ತಿದ್ದರು. ಅಂಥ ಮಾತು ಹೆಚ್ಚಿದ್ದಲ್ಲಿ ಮಗು ಪರರ ಮನಸ್ಸನ್ನು ಅರಿಯುವುದರಲ್ಲಿ ಮುಂದಿತ್ತು. ವಸ್ತುಗಳ ಹೆಸರಿಗೆ ನಾಲ್ಕಾರು ಸಂಜ್ಞೆ ಕಲಿತರೆ ಸಾಲದು. ಕಿವುಡರು ತಮ್ಮ ಬಾಲ್ಯವನ್ನು ನೆನೆಯುವಾಗ ಪದೇ ಪದೇ ಹೇಳುವ ಅನುಭವವೊಂದಕ್ಕೆ ಸಂಶೋಧಕರು ಊಟದ ಮೇಜಿನ ಹೆಸರಿಟ್ಟಿದ್ದಾರೆ: ಮನೆಮಂದಿಯೆಲ್ಲ ಉಣ್ಣುತ್ತ ನಗುತ್ತಾರೆ, ಏನೆಂದು ಕೇಳಿದರೆ 'ಆಮೇಲೆ ಹೇಳುತ್ತೇನೆ', 'ಏನಿಲ್ಲ ಬಿಡು' ಎಂಬ ಉತ್ತರ. ಆ 'ಏನಿಲ್ಲ'ದಲ್ಲಿ ಹೋಗುವುದು ಒಂದು ತಮಾಷೆಯಷ್ಟೇ ಅಲ್ಲ. ನೆಂಟರ ಜಗಳ, ಹಣದ ಅಡಚಣೆ, ಸತ್ತವರ ಕಥೆ, ಯಾರು ಯಾರಿಗೆ ಏನಾಗಬೇಕು ಎಂಬುದೆಲ್ಲ ಮಕ್ಕಳಿಗೆ ಬರುವುದು ಯಾರೂ ಅವರಿಗೆಂದು ಹೇಳದ ಮಾತುಗಳಿಂದಲೇ.

ಕಾಲದ ಪ್ರಶ್ನೆಯೂ ಇದೆ. ಕೊಲರಾಡೊ ರಾಜ್ಯದಲ್ಲಿ ಕ್ರಿಸ್ಟೀನ್ ಯೊಶಿನಾಗಾ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದಂತೆ, ಆರು ತಿಂಗಳೊಳಗೆ ಕಿವುಡು ಪತ್ತೆಯಾಗಿ ನೆರವು ಸಿಕ್ಕಿದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಮುಂದಿತ್ತು. ಮನೆಯವರು ಬಾಯಿಮಾತನ್ನು ಆರಿಸಿಕೊಂಡರೂ ಸಂಜ್ಞೆಯನ್ನು ಆರಿಸಿಕೊಂಡರೂ ಈ ಲಾಭ ಕಂಡಿತು. ಹುಟ್ಟಿದ ಕೂಡಲೆ ಶ್ರವಣಪರೀಕ್ಷೆ ಮಾಡಬೇಕೆಂಬ ನೀತಿಗೆ ಇಂಥ ಫಲಿತಾಂಶಗಳೇ ಬಲ ಕೊಟ್ಟವು. ರೇಚಲ್ ಮೇಬರಿ ಮತ್ತು ಸಂಗಡಿಗರು 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ ಸಂಗತಿ ಗಡಿನಾಡಿನ ನಮಗೆ ಇನ್ನೂ ಹತ್ತಿರದ್ದು. ಬಾಲ್ಯದಲ್ಲಿ ಸಂಜ್ಞಾಭಾಷೆಯನ್ನು ಪಡೆದ ಕಿವುಡರು ಅನಂತರ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತಾಗ, ಬೇರೊಂದು ಬಾಯಿಮಾತಿನ ಭಾಷೆಯಲ್ಲಿ ಬೆಳೆದು ಇಂಗ್ಲಿಷ್ ಕಲಿತ ಕೇಳುವವರಷ್ಟೇ ಸಮರ್ಥರಾಗಿದ್ದರು. ಎಳವೆಯಲ್ಲಿ ಯಾವ ಭಾಷೆಯೂ ದಕ್ಕದವರು ಮಾತ್ರ ಮುಂದೆ ಕಲಿತ ಭಾಷೆಯಲ್ಲಿಯೂ ಕುಂಟಿದರು. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ, ಅಂಗಡಿಯಲ್ಲಿ ಮಲಯಾಳ, ತರಗತಿಯಲ್ಲಿ ಗ್ರಂಥಸ್ಥ ಕನ್ನಡ ಎಂದು ಬೆಳೆದ ಕಾಸರಗೋಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಭಾಷೆ ಗಟ್ಟಿಯಾಗಿ ಬೇರೂರಿದರೆ ಮುಂದಿನದು ಅದರ ಮೇಲೆ ಹಬ್ಬುತ್ತದೆ. 'ಮನೆಮಾತು ಬಿಡಿ, ಶಾಲೆಯ ಭಾಷೆಯನ್ನೇ ಮನೆಯಲ್ಲೂ ಆಡಿ' ಎಂಬ ಉಪದೇಶವನ್ನು ಇಲ್ಲಿನ ತಾಯಂದಿರು ಕೇಳಿದ್ದಾರೆ. 'ಕೈ ಬಳಸಬೇಡಿ, ಬಾಯಿಯನ್ನೇ ಬಳಸಿ' ಎಂಬುದು ಅದರ ಒಡಹುಟ್ಟು.

ಕಾಕ್ಲಿಯರ್ ಇಂಪ್ಲಾಂಟ್ ಬಂದ ಮೇಲೆ ಈ ವಾದಕ್ಕೆ ಹೊಸ ಜೀವ ಬಂದಿದೆ. ಎಳವೆಯಲ್ಲೇ ಶಸ್ತ್ರಚಿಕಿತ್ಸೆಯಾದ ಎಷ್ಟೋ ಮಕ್ಕಳು ಚೆನ್ನಾಗಿ ಮಾತನಾಡುತ್ತಾರೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಎಲ್ಲ ಮಕ್ಕಳಲ್ಲೂ ಒಂದೇ ಫಲ ಕಾಣುವುದಿಲ್ಲ, ಯಾವ ಮಗುವಿಗೆ ಎಷ್ಟು ಫಲಿಸುವುದೆಂದು ಮೊದಲೇ ಖಚಿತವಾಗಿ ಹೇಳಲೂ ಆಗದು. ಆನ್ ಗೀರ್ಸ್ ಮತ್ತು ಸಂಗಡಿಗರು 2017ರಲ್ಲಿ, ಇಂಪ್ಲಾಂಟ್ ಪಡೆದ ಮಕ್ಕಳ ಪೈಕಿ ಮನೆಯಲ್ಲಿ ಸಂಜ್ಞೆ ಬಳಸದವರ ಬಾಯಿಮಾತು ಉತ್ತಮವಾಗಿತ್ತೆಂದು ವರದಿ ಮಾಡಿದರು. ಇದಕ್ಕೆ ಆಕ್ಷೇಪಗಳು ಬಂದವು: ಆ ಮನೆಗಳಲ್ಲಿದ್ದುದು ಪೂರ್ಣ ಸಂಜ್ಞಾಭಾಷೆಯೋ ಅರೆಬರೆ ಸನ್ನೆಗಳೋ? ಮಾತು ಬಾರದ ಮಗುವಿನ ಮನೆಯವರೇ ಸಂಜ್ಞೆಯನ್ನು ಹೆಚ್ಚು ದಿನ ಮುಂದುವರಿಸಿರಬಹುದಲ್ಲವೆ? ಈ ಎರಡನೆಯ ಪ್ರಶ್ನೆ ನನಗೆ ತೂಕದ್ದಾಗಿ ಕಾಣುತ್ತದೆ. ಬಾಯಿಮಾತು ಬಂದೀತೆಂದು ಮೂರು ನಾಲ್ಕು ವರ್ಷ ಕಾದು, ಬಾರದಿದ್ದಾಗ ಸಂಜ್ಞಾಭಾಷೆಗೆ ಹೊರಳಿದರೆ ಕಳೆದುಹೋದ ಆ ವರ್ಷಗಳನ್ನು ಯಾವ ಯಂತ್ರವೂ ಮರಳಿಸದು. ಮೊದಲಿನಿಂದಲೇ ಎರಡನ್ನೂ ಕೊಟ್ಟ ಮನೆಗೆ ಈ ಅಪಾಯವಿಲ್ಲ.

ನಮ್ಮ ದೇಶದ ಮಟ್ಟಿಗೆ, 2011ರ ಜನಗಣತಿ ಶ್ರವಣದೋಷವುಳ್ಳವರನ್ನು ಸುಮಾರು 50 ಲಕ್ಷವೆಂದು ಎಣಿಸಿತು. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ 2015ರಲ್ಲಿ ದೆಹಲಿಯಲ್ಲಿ ಕೇಂದ್ರವೊಂದು ಸ್ಥಾಪನೆಯಾಯಿತು. ಅದು ಹೊರತಂದ ಸಂಜ್ಞಾಕೋಶದಲ್ಲಿ 2021ರ ಹೊತ್ತಿಗೆ 10,000 ಪದಗಳಿದ್ದವು. 1956ರಲ್ಲಿ ಭಾಷೆಯ ಹೆಸರಿನಲ್ಲಿ ಎಳೆದ ಗೆರೆಗಳು ನಮ್ಮನ್ನು ಈಚೆ ಆಚೆ ಮಾಡಿದವು. ಕಿವುಡರ ಭಾಷೆಗೆ ಆ ಗೆರೆಗಳು ಅಷ್ಟಾಗಿ ತಾಗಿಲ್ಲ: ಪ್ರದೇಶದಿಂದ ಪ್ರದೇಶಕ್ಕೆ ಸಂಜ್ಞೆಗಳು ಬೇರೆಯಾದರೂ ವ್ಯಾಕರಣ ಬಹುಮಟ್ಟಿಗೆ ಒಂದೇ ಎಂದು ಉಲ್ರಿಕೆ ಜೆಶಾನ್ ಅವರ ಅಧ್ಯಯನಗಳು ಹೇಳುತ್ತವೆ.

ಕರ್ನಾಟಕದಲ್ಲಿಯೇ, ಆಂಧ್ರದ ಗಡಿಗೆ ಹತ್ತಿರವಾದ ಗೌರಿಬಿದನೂರು ತಾಲೂಕಿನಲ್ಲಿ ಅಲೀಪುರವೆಂಬ ಊರಿದೆ. ಶಿಯಾ ಮುಸ್ಲಿಮರು ಹೆಚ್ಚಾಗಿರುವ ಈ ಊರಿನಲ್ಲಿ ತಲೆಮಾರುಗಳಿಂದ ಹುಟ್ಟುಕಿವುಡರ ಸಂಖ್ಯೆ ಹೆಚ್ಚು. ಬಳಗದೊಳಗಿನ ಮದುವೆಗಳು ಅದಕ್ಕೆ ಕಾರಣ. ಅಲ್ಲಿ ಬೆಳೆದ ಸಂಜ್ಞಾಭಾಷೆಯನ್ನು ಸಿಬಾಜಿ ಪಂಡಾ ದಾಖಲಿಸಿ 2012ರಲ್ಲಿ ಪ್ರಕಟಿಸಿದರು. ದೆಹಲಿಯ ಕೋಶದಲ್ಲಿರುವ ಭಾಷೆ ಅದಲ್ಲ, ಊರಿನದೇ ಆದ ಭಾಷೆ. ಕಿವುಡರಷ್ಟೇ ಅಲ್ಲದೆ ಅವರ ನೆಂಟರು, ನೆರೆಯವರು, ಕೇಳುವವರೂ ಅದನ್ನು ಬಲ್ಲರು. ಅಂಥ ಊರಿನಲ್ಲಿ ಕೇಳುವ ತಾಯಿಗೆ ಕಿವುಡ ಮಗು ಹುಟ್ಟಿದಾಗ ಆಕೆ ಭಾಷೆಗಾಗಿ ಅಲೆಯಬೇಕಾಗಿಲ್ಲ. ಮಗು ತೊಟ್ಟಿಲಿನಿಂದ ಇಳಿಯುವ ಮೊದಲೇ ಅದರ ಕಣ್ಣೆದುರಿನ ಜಗಲಿಯಲ್ಲಿ ಯಾರೋ ಯಾರದೋ ಸುದ್ದಿಯನ್ನು ಕೈಯಲ್ಲಿ ಹೇಳುತ್ತಿರುತ್ತಾರೆ.